ಹೊಲದಾಗಿಂದ ಬಂದ ವ್ಯಾಕರಣ

ಗದಗ-ಬೆಟಗೇರಿ ಎಂದೂ ಅಂತೂರ-ಬೆಂತೂರ ಎಂದೂ ಎರಡೆರಡು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಉಚ್ಚರಿಸುವುದು ನಮ್ಮ ಸೀಮೆಯವರ ಬಹುಕಾಲದ ರೂಢಿ. ಹೊರಗಿನಿಂದ ಬಂದವನಿಗೆ ಇದು ಒಂದೂರೋ ಎರಡೂರೋ ಎಂಬ ಸಂದೇಹ ಹುಟ್ಟುವುದುಂಟು; ಊರಿನವನಾದರೋ ಒಂದರ ಮೇರೆ ಎಲ್ಲಿ ಮುಗಿಯಿತು, ಇನ್ನೊಂದರ ಮೇರೆ ಎಲ್ಲಿ ತೊಡಗಿತು ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲನು. ಇಂಗ್ಲಿಷ್ ಭಾಷೆಯಲ್ಲಿಯೂ ಇಂಥ ಜೋಡಿಗಳು ಹೆಜ್ಜೆಹೆಜ್ಜೆಗೆ ಎದುರಾಗುತ್ತವೆ. ಔಟ್ ಆಫ್, ಅಪ್ ವಿತ್, ಡೌನ್ ಟು, ಬ್ಯಾಕ್ ಇನ್, ಓವರ್ ಅಟ್ ಎಂಬ ಈ ಎರಡೆರಡು ಕಿರುನುಡಿಗಳನ್ನು ಆ ಭಾಷೆಯಲ್ಲಿ ಹುಟ್ಟಿ ಬೆಳೆದವರು ಒಂದೇ ಉಸಿರಿನಲ್ಲಿ ಆಡಿಬಿಡುವುದರಿಂದ, ಅವು ಒಂದೋ ಎರಡೋ, ಯಾವುದು ಯಾವುದಕ್ಕೆ ಅಂಟಿಕೊಂಡಿದೆ, ಏತಕ್ಕಾಗಿ ಎರಡೂ ಬೇಕು ಎಂಬುದು ನಮ್ಮಲ್ಲಿ ಇಂಗ್ಲಿಷ್ ಕಲಿಯುವವರಿಗೆ ಬಹುಕಾಲ ಬಿಡಿಸಲಾಗದ ಒಗಟಾಗಿ ಉಳಿಯುತ್ತದೆ.

ಒಂದು ವಿಚಿತ್ರವನ್ನು ಮೊದಲು ಗಮನಿಸಬೇಕು. ನಮ್ಮ ಕಡೆಯ ವಿದ್ಯಾವಂತನಿಗೆ ಇಂಗ್ಲಿಷಿನ ದೊಡ್ಡ ಶಬ್ದಗಳು ಅಂಜಿಕೆಯನ್ನು ಹುಟ್ಟಿಸುವುದಿಲ್ಲ. ಪೋಸ್ಟ್‌ಪೋನ್, ಟಾಲರೇಟ್, ಡಿಸೆಂಡ್, ಇನ್ವೆಸ್ಟಿಗೇಟ್ ಎಂಬಂಥ ಲ್ಯಾಟಿನ್ ಮೂಲದ ಶಬ್ದಗಳನ್ನು ಅವನು ಕಚೇರಿಯ ಅರ್ಜಿಯಲ್ಲಿಯೂ ನ್ಯಾಯಾಲಯದ ಕಾಗದದಲ್ಲಿಯೂ ಧಾರಾಳವಾಗಿ ಬಳಸುತ್ತಾನೆ. ಅದೇ ಮನುಷ್ಯನು ಪರದೇಶದಲ್ಲಿರುವ ಮಗನ ಮನೆಗೆ ಹೋಗಿ, ನೆರೆಮನೆಯ ಮುದುಕಿ ಬೇಲಿಯಾಚೆಯಿಂದ ಮಾತನಾಡಿಸಿದಾಗ ತಬ್ಬಿಬ್ಬಾಗುತ್ತಾನೆ. ಏಕೆಂದರೆ ಅವಳು ಪೋಸ್ಟ್‌ಪೋನ್ ಎನ್ನದೆ ಪುಟ್ ಆಫ್ ಎನ್ನುತ್ತಾಳೆ, ಟಾಲರೇಟ್ ಎನ್ನದೆ ಪುಟ್ ಅಪ್ ವಿತ್ ಎನ್ನುತ್ತಾಳೆ, ನಮ್ಮ ಮನೆಗೆ ಬನ್ನಿರಿ ಎಂಬುದನ್ನು ಕಮ್ ಆನ್ ಓವರ್ ಟು ಅವರ್ ಪ್ಲೇಸ್ ಎಂದು ಮೂರು ಕಿರುನುಡಿಗಳ ಸರಮಾಲೆಯಾಗಿ ಆಡುತ್ತಾಳೆ. ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ, ವಿತ್ ಎಂದರೆ ಜೊತೆ. ಈ ಮೂರನ್ನು ಕೂಡಿಸಿದರೆ ಸಹಿಸಿಕೊಳ್ಳು ಎಂಬ ಅರ್ಥವು ಹೇಗೆ ಬಂದಿತೆಂದು ಅವನು ಚಿಂತಿಸುತ್ತಿರುವಷ್ಟರಲ್ಲಿ ಮಾತು ಮುಂದೆ ಸಾಗಿರುತ್ತದೆ. ನಮ್ಮ ಶಾಲೆಗಳಲ್ಲಿ ಇಂಗ್ಲಿಷು ಪುಸ್ತಕದಿಂದ ಬಂದಿದೆ, ಅಡುಗೆಮನೆಯಿಂದ ಬಂದಿಲ್ಲ. ಮನೆಯೊಳಗಿನ ಇಂಗ್ಲಿಷು ನಿಂತಿರುವುದು ಈ ಕಿರುನುಡಿಗಳ ಮೇಲೆಯೆ.

ಪರಭಾಷಿಕರಿಗೆ ಇದು ಕಠಿಣವೆಂಬ ಮಾತು ಹೊಸದಲ್ಲ. 1755ರಲ್ಲಿ ತನ್ನ ಮಹಾಕೋಶವನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಪಂಡಿತನು ಅದರ ಮುನ್ನುಡಿಯಲ್ಲಿಯೆ, ಕ್ರಿಯಾಪದದ ಹಿಂದೆ ಒಂದು ಕಿರುನುಡಿ ಸೇರಿ ಅರ್ಥವನ್ನು ಬದಲಿಸುವ ಈ ಪದ್ಧತಿಯು ಅನ್ಯದೇಶೀಯರಿಗೆ ಬಹಳ ಕ್ಲೇಶವನ್ನು ಕೊಡುತ್ತದೆಂದು ಒಪ್ಪಿಕೊಂಡು, ಅಂಥ ಪ್ರಯೋಗಗಳನ್ನು ತಾನು ವಿಶೇಷ ಶ್ರಮವಹಿಸಿ ಸಂಗ್ರಹಿಸಿದುದಾಗಿ ಹೇಳಿದ್ದಾನೆ. ಅವುಗಳಿಗೆ ಫ್ರೇಸಲ್ ವರ್ಬ್ ಎಂಬ ಹೆಸರು ರೂಢಿಗೆ ಬಂದುದಾದರೋ ಬಹಳ ತಡವಾಗಿ. 1925ರಲ್ಲಿ ಲೋಗನ್ ಪಿಯರ್‌ಸಾಲ್ ಸ್ಮಿತ್ ಎಂಬಾತನು ತನ್ನ ಗ್ರಂಥದಲ್ಲಿ ಅದನ್ನು ಬಳಸಿ, ಆ ಹೆಸರನ್ನು ತನಗೆ ಸೂಚಿಸಿದವನು ಕೋಶಕಾರ ಹೆನ್ರಿ ಬ್ರಾಡ್ಲಿ ಎಂದು ಕೃತಜ್ಞತೆಯಿಂದ ಬರೆದನು. ಹೆಸರು ಹೊಸದಾದರೂ ವಸ್ತು ಹಳೆಯದು. ಪ್ರಾಚೀನ ಇಂಗ್ಲಿಷಿನಲ್ಲಿ ಈ ಕಿರುನುಡಿಗಳು ಕ್ರಿಯಾಪದದ ಮುಂದೆ ಅಂಟಿಕೊಂಡಿರುತ್ತಿದ್ದವು. ಅಂಡರ್‌ಸ್ಟ್ಯಾಂಡ್, ಓವರ್‌ಕಮ್, ವಿತ್‌ಸ್ಟ್ಯಾಂಡ್ ಎಂಬ ಶಬ್ದಗಳು ಆ ಕಾಲದ ಪದ್ಧತಿಯ ಕುರುಹುಗಳಾಗಿ ಇಂದಿಗೂ ಉಳಿದಿವೆ. ಕಾಲಕ್ರಮದಲ್ಲಿ ಅವು ಬಿಡಿಸಿಕೊಂಡು ಕ್ರಿಯಾಪದದ ಹಿಂದಕ್ಕೆ ಸರಿದವು. ಉತ್ತರದ ಸಮುದ್ರವನ್ನು ದಾಟಿ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ನುಡಿಯ ಸಂಪರ್ಕವು ಇದಕ್ಕೆ ಒತ್ತಾಸೆಯಾಯಿತೆಂದು ವಿದ್ವಾಂಸರು ಹೇಳುತ್ತಾರೆ.

ಸಂಸ್ಕೃತವನ್ನು ಬಲ್ಲವರಿಗೆ ಇಲ್ಲಿ ಒಂದು ಹಳೆಯ ನೆನಪು ಬರಬೇಕು. ಹೃ ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂಬ ಐದು ಶಬ್ದಗಳು ಐದು ದಿಕ್ಕಿಗೆ ಹೋಗಿರುವುದನ್ನು ನಾವು ಬಾಲ್ಯದಲ್ಲಿಯೆ ಕಲಿತಿದ್ದೇವೆ. ಉಣ್ಣುವುದಕ್ಕೂ ಕೊಲ್ಲುವುದಕ್ಕೂ ನಡುವಣ ಅಂತರವು ಆ ಎಂಬುದಕ್ಕೂ ಸಂ ಎಂಬುದಕ್ಕೂ ಇರುವ ಅಂತರವಷ್ಟೆ. ವೇದಕಾಲದ ಭಾಷೆಯಲ್ಲಿ ಈ ಉಪಸರ್ಗಗಳು ಕ್ರಿಯಾಪದದಿಂದ ದೂರ ನಿಲ್ಲಬಲ್ಲ ಸ್ವತಂತ್ರ ಶಬ್ದಗಳಾಗಿದ್ದವು. ಇದಕ್ಕಿಂತಲೂ ಮಹತ್ತ್ವದ ಮಾತೆಂದರೆ, ಪ್ರತಿ, ಅನು ಮುಂತಾದ ಒಂದೇ ಶಬ್ದವು ಕ್ರಿಯೆಯೊಡನೆ ಕೂಡಿದಾಗ ಅದಕ್ಕೆ ಉಪಸರ್ಗವೆಂಬ ಹೆಸರನ್ನೂ, ಕ್ರಿಯೆಯನ್ನು ಬಿಟ್ಟು ನಾಮಪದವೊಂದನ್ನು ಆಳತೊಡಗಿದಾಗ ಕರ್ಮಪ್ರವಚನೀಯವೆಂಬ ಬೇರೆ ಹೆಸರನ್ನೂ ಪಾಣಿನಿ ಮಹರ್ಷಿಯು ಕೊಟ್ಟನು. ಇಂಗ್ಲಿಷಿನ ವ್ಯಾಕರಣಕಾರರು ಇಂದು ಅಡ್ವರ್ಬ್ ಪಾರ್ಟಿಕಲ್ ಎಂದೂ ಪ್ರೆಪೊಸಿಷನ್ ಎಂದೂ ಬೇರ್ಪಡಿಸುವುದು ಬಹುಮಟ್ಟಿಗೆ ಇದೇ ಭೇದವನ್ನು. ಅಪ್, ಡೌನ್, ಆನ್, ಆಫ್, ಇನ್ ಎಂಬ ರೂಪಗಳು ಎರಡೂ ಕೆಲಸಕ್ಕೆ ಬರುತ್ತವೆ. ರೂಪವನ್ನು ನೋಡಿದರೆ ಗುರುತು ಸಿಕ್ಕದು, ಅದು ಯಾರ ಸೇವೆಯಲ್ಲಿದೆಯೆಂಬುದನ್ನು ನೋಡಬೇಕು.

ಹಿ ರ್ಯಾನ್ ಅಪ್ ದ ಹಿಲ್ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ: ಅವನು ಗುಡ್ಡವನ್ನು ಓಡುತ್ತ ಏರಿದನು. ಇಲ್ಲಿ ಅಪ್ ಎಂಬುದು ಗುಡ್ಡಕ್ಕೆ ಕಟ್ಟಿಕೊಂಡಿದೆ. ಹಿ ರ್ಯಾನ್ ಅಪ್ ಎ ಬಿಲ್ ಎಂಬುದು ಕಿವಿಗೆ ಅದರಂತೆಯೆ ಕೇಳಿಸಿದರೂ ಅರ್ಥ ಬೇರೆ. ಅಂಗಡಿಯವನ ಹತ್ತಿರ ಸಾಲದ ಲೆಕ್ಕವನ್ನು ಬೆಳೆಯಿಸಿದನು ಎಂದರ್ಥ. ಇಲ್ಲಿ ಅಪ್ ಎಂಬುದು ಓಟದ ಕೈಹಿಡಿದು ಅದರ ಅರ್ಥವನ್ನೆ ತಿರುಗಿಸಿಬಿಟ್ಟಿದೆ. ಎರಡನ್ನೂ ಬೇರ್ಪಡಿಸುವ ಸುಲಭವಾದ ಪರೀಕ್ಷೆಯೊಂದಿದೆ. ನಾಮಪದದ ಬದಲು ಇಟ್ ಎಂಬ ಸರ್ವನಾಮವನ್ನು ಹಾಕಿ ನೋಡಿರಿ. ದೀಪ ಆರಿಸು ಎಂಬುದಕ್ಕೆ ಟರ್ನ್ ಇಟ್ ಆಫ್ ಎನ್ನಬೇಕು, ಟರ್ನ್ ಆಫ್ ಇಟ್ ಎನ್ನಲಾಗದು. ಅದನ್ನು ನೋಡು ಎಂಬುದಕ್ಕೆ ಲುಕ್ ಅಟ್ ಇಟ್ ಎನ್ನಬೇಕು, ಲುಕ್ ಇಟ್ ಅಟ್ ಎನ್ನಲಾಗದು. ಕ್ರಿಯೆಯ ಸೇವಕನು ನಾಮವನ್ನು ದಾಟಿ ಆಚೆ ನಿಲ್ಲಬಲ್ಲನು. ನಾಮದ ಸೇವಕನು ತನ್ನ ಒಡೆಯನ ಮುಂದಿನಿಂದ ಕದಲುವಂತಿಲ್ಲ. ಉಚ್ಚಾರಣೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ: ಮೊದಲನೆಯದನ್ನು ಒತ್ತಿ ಹೇಳುತ್ತಾರೆ, ಎರಡನೆಯದನ್ನು ನುಂಗಿಬಿಡುತ್ತಾರೆ.

ಈ ಭೇದವನ್ನು ನಮ್ಮ ಜನರು ಯಾವ ಪುಸ್ತಕವನ್ನೂ ಓದದೆ ಕಿವಿಯಿಂದಲೆ ಗ್ರಹಿಸಿದ್ದಾರೆಂಬುದಕ್ಕೆ ನಮ್ಮ ಮನೆಗಳಲ್ಲಿಯೆ ಪ್ರಮಾಣವಿದೆ. ಲೈಟ್ ಆನ್ ಮಾಡು, ಫ್ಯಾನ್ ಆಫ್ ಮಾಡು ಎಂದು ಅಕ್ಷರ ಬಾರದ ಅಜ್ಜಿಯೂ ಹೇಳುತ್ತಾಳೆ. ಇಂಗ್ಲಿಷಿನವನು ಸ್ವಿಚ್ ಆನ್, ಟರ್ನ್ ಆಫ್ ಎಂದು ಕ್ರಿಯಾಪದವನ್ನೂ ಕೂಡಿಸಿ ಹೇಳಿದರೆ, ನಮ್ಮವರು ಕ್ರಿಯಾಪದವನ್ನು ಹೊಟ್ಟಿನಂತೆ ತೂರಿ ಕಿರುನುಡಿಯೊಂದನ್ನೆ ಕಾಳೆಂದು ಉಳಿಸಿಕೊಂಡು ಅದಕ್ಕೆ ನಮ್ಮ ಮಾಡು, ಆಗು ಎಂಬವುಗಳನ್ನು ಸೇರಿಸಿದರು. ಆಟದಲ್ಲಿ ಹುಡುಗನು ಔಟ್ ಆಗುತ್ತಾನೆ. ಕ್ರಿಯಾಪದವು ಉಳಿದುಕೊಂಡಲ್ಲಿಯೂ ಕಿರುನುಡಿ ಅದಕ್ಕೆ ಅಂಟಿಯೆ ಬಂದಿದೆ: ದವಾಖಾನೆಯಲ್ಲಿ ಚೆಕಪ್ ಆಗುತ್ತದೆ, ನಿಲ್ದಾಣದಿಂದ ಪಿಕಪ್ ಮಾಡುತ್ತಾರೆ, ಊರಹೊರಗೆ ಲೇಔಟ್ ಏಳುತ್ತದೆ. ಆದರೆ ಅಟ್ ಮಾಡು, ವಿತ್ ಮಾಡು ಎಂದು ಯಾವ ಕನ್ನಡಿಗನೂ ಇದುವರೆಗೆ ಅಂದವನಲ್ಲ. ನಾಮಕ್ಕೆ ಕಟ್ಟಿಕೊಂಡ ನುಡಿಯನ್ನು ಕಿತ್ತು ತರಲು ಬಾರದು, ಅದರ ಕೆಲಸಕ್ಕೆ ನಮ್ಮಲ್ಲಿ ವಿಭಕ್ತಿಪ್ರತ್ಯಯಗಳಿವೆ ಎಂಬ ವಿವೇಕವು ಜನದ ಕಿವಿಯಲ್ಲಿಯೆ ಇದೆ. ಈ ಬೆರಕೆಯನ್ನು ಕೇಳಿ ಮರುಗುವವರೂ ಉಂಟು. ನಮ್ಮ ನೆರೆಯ ಮುಳುಗುಂದದಲ್ಲಿದ್ದು 1112ರಲ್ಲಿ ಧರ್ಮಾಮೃತವನ್ನು ರಚಿಸಿದ ನಯಸೇನನು, ಸಕ್ಕದವನ್ನು ಕನ್ನಡದೊಳಗೆ ಬೆರಸುವುದು ತುಪ್ಪಕ್ಕೆ ಎಣ್ಣೆಯನ್ನು ಬೆರಸಿದಂತೆಂದು ನೊಂದುಕೊಂಡವನು. ಆತನ ಕಳಕಳಿ ನನಗೆ ಪೂಜ್ಯವೆ. ಆದರೂ ಆನ್ ಮಾಡು ಎಂಬಲ್ಲಿ ಕನ್ನಡವು ಸೋತಿಲ್ಲವೆಂದೂ, ಬಂದ ಅತಿಥಿಯನ್ನು ತನ್ನ ಪಂಕ್ತಿಯಲ್ಲಿಯೆ ಕೂಡಿಸಿ ತನ್ನ ರೀತಿಯಲ್ಲಿಯೆ ಬಡಿಸಿದೆಯೆಂದೂ ನನ್ನ ಅಭಿಪ್ರಾಯ.

ಈಗ ಜೋಡಿಗಳ ವಿಚಾರಕ್ಕೆ ಬರೋಣ. ವಿಷಯದ ತಿರುಳು ಇರುವುದು ಇಲ್ಲಿ. ಅಂತೂರಿನ ರೈತನೊಬ್ಬನ ಮನೆಯ ಕಟ್ಟೆಯ ಮೇಲೆ ಕುಳಿತು, ನಿಮ್ಮ ಅಣ್ಣ ಎಲ್ಲಿದ್ದಾನೆ ಎಂದು ಕೇಳಿದರೆ, ‘ಹೊರಗ ಹೊಲದಾಗ ಅದಾನ್ರಿ’ ಎನ್ನುತ್ತಾನೆ. ದನಗಳೆಲ್ಲಿ ಎಂದರೆ ‘ಕೆಳಗ ಹಳ್ಳದಾಗ’. ಕುರಿಗಳೆಲ್ಲಿ ಎಂದರೆ ‘ಮ್ಯಾಲ ಗುಡ್ಡದಾಗ’. ತಂಗಿಯನ್ನು ಎಲ್ಲಿ ಕೊಟ್ಟಿದ್ದೀರಿ ಎಂದರೆ ‘ಆಚಿ ಬೆಂತೂರಾಗ’. ಪ್ರತಿಯೊಂದು ಉತ್ತರದಲ್ಲಿಯೂ ಎರಡು ಸ್ಥಳಸೂಚಕಗಳಿರುವುದನ್ನು ನೋಡಿರಿ. ಹೊರಗ, ಕೆಳಗ, ಮ್ಯಾಲ, ಆಚಿ ಎಂಬವು ಮಾತನಾಡುವವನು ಕುಳಿತ ಕಟ್ಟೆಯಿಂದ ಅಳೆದ ದಿಕ್ಕನ್ನು ಹೇಳುತ್ತವೆ. ಅವು ಯಾವ ನಾಮಕ್ಕೂ ಅಂಟದ ಅವ್ಯಯಗಳು. ಹೊಲದಾಗ, ಹಳ್ಳದಾಗ ಎಂಬಲ್ಲಿಯ ಆಗ ಎಂಬುದು ಹೊಲಕ್ಕೂ ಅಣ್ಣನಿಗೂ ಇರುವ ಸಂಬಂಧವನ್ನು ಹೇಳುತ್ತದೆ; ಅದು ನಾಮಕ್ಕೆ ಬೆಸೆದುಕೊಂಡ ವಿಭಕ್ತಿ. ಇನ್ನು ಇಂಗ್ಲಿಷಿನವನ ಉತ್ತರವನ್ನು ಕೇಳಿರಿ: ಹಿ ಈಸ್ ಔಟ್ ಇನ್ ದ ಫೀಲ್ಡ್, ಡೌನ್ ಬೈ ದ ಸ್ಟ್ರೀಮ್, ಅಪ್ ಆನ್ ದ ಹಿಲ್, ಓವರ್ ಇನ್ ಬೆಂತೂರ. ಔಟ್ ನಮ್ಮ ಹೊರಗ, ಇನ್ ನಮ್ಮ ಆಗ. ಇಂಗ್ಲಿಷಿನಲ್ಲಿ ಎರಡು ಕಿರುನುಡಿಗಳು ಒತ್ತಟ್ಟಿಗೆ ಬಂದಾಗ ಮೊದಲನೆಯದು ಬಹುತೇಕ ನಮ್ಮ ಅವ್ಯಯ, ಎರಡನೆಯದು ನಮ್ಮ ವಿಭಕ್ತಿ. ಇಷ್ಟನ್ನು ತಿಳಿದವನಿಗೆ ಒಗಟಿನ ಅರ್ಧ ಬಿಡಿಸಿದಂತೆಯೆ.

ಔಟ್ ಎಂಬುದಿಲ್ಲದೆ ಹಿ ಈಸ್ ಇನ್ ದ ಫೀಲ್ಡ್ ಎಂದರೆ ವ್ಯಾಕರಣಕ್ಕೆ ಕೊರತೆಯಿಲ್ಲ. ಆದರೆ ಆ ಮಾತಿನಲ್ಲಿ ಆಡುವವನು ಎಲ್ಲಿ ಕುಳಿತಿದ್ದಾನೆಂಬುದು ಕಾಣುವುದಿಲ್ಲ. ‘ಹೊಲದಾಗ ಅದಾನ್ರಿ’ ಎಂಬ ಬರಿಯ ಮಾತಿಗೂ ‘ಹೊರಗ ಹೊಲದಾಗ ಅದಾನ್ರಿ’ ಎಂಬ ಮಾತಿಗೂ ಇರುವ ವ್ಯತ್ಯಾಸವೆ ಅದು; ಎರಡನೆಯದರಲ್ಲಿ ಕೈ ಎತ್ತಿ ತೋರಿಸಿದ ಭಾವವಿದೆ. ಮುಂಡರಗಿ, ಶಿರಹಟ್ಟಿಗಳ ಕಡೆಯವನು ಕಪ್ಪತಗುಡ್ಡವನ್ನು ಮ್ಯಾಲ ಎಂದೂ ತುಂಗಭದ್ರೆಯ ದಂಡೆಯನ್ನು ಕೆಳಗ ಎಂದೂ ತನ್ನ ಊರಿನ ಏರು-ತಗ್ಗುಗಳಿಗೆ ಅನುಸಾರವಾಗಿ ಹೇಳುವಂತೆ, ಇಂಗ್ಲಿಷಿನವನೂ ನೆಲದ ಏರಿಳಿತವನ್ನು ನೋಡಿ ಅಪ್ ಅಟ್, ಡೌನ್ ಅಟ್ ಎನ್ನುತ್ತಾನೆ. ನೆಲವು ಸಮವಾಗಿದ್ದು ನಡುವೆ ಏನಾದರೂ ದಾಟುವುದಿದ್ದರೆ ಓವರ್ ಅಟ್ ಎನ್ನುತ್ತಾನೆ. ದಿಕ್ಕು ಒಂದಕ್ಕಿಂತ ಹೆಚ್ಚಾದರೆ ಅವ್ಯಯಗಳೂ ಹೆಚ್ಚುತ್ತವೆ. ‘ಹೊಳ್ಳಿ ಮ್ಯಾಲ ಗುಡ್ಡಕ್ಕ ಹೋದ’ ಎಂಬಲ್ಲಿ ಹೊಳ್ಳಿ, ಮ್ಯಾಲ ಎಂಬ ಎರಡು ಅವ್ಯಯಸದೃಶ ಪದಗಳೂ ಅಕ್ಕ ಎಂಬ ಒಂದು ವಿಭಕ್ತಿಯೂ ಇವೆ. ಹಿ ವೆಂಟ್ ಬ್ಯಾಕ್ ಅಪ್ ಟು ದ ಹಿಲ್ ಎಂಬಲ್ಲಿಯೂ ಅಷ್ಟೆ, ಅದೇ ಕ್ರಮ. ಅವ್ಯಯಗಳು ಎಷ್ಟೇ ಇರಲಿ, ವಿಭಕ್ತಿಯ ಸ್ಥಾನದಲ್ಲಿರುವ ಟು ಎಂಬುದು ಎಲ್ಲಕ್ಕೂ ಕೊನೆಗೆ, ನಾಮದ ನೆರೆಯಲ್ಲಿಯೆ ನಿಲ್ಲುತ್ತದೆ. ಟು ಅಪ್ ಬ್ಯಾಕ್ ಎಂಬ ವ್ಯತ್ಯಸ್ತಕ್ರಮವನ್ನು ಇಂಗ್ಲಿಷಿನ ಕೂಸೂ ಆಡದು.

ಕ್ರಮವು ತಿರುಗುಮುರುಗಾಗುವ ಇನ್ನೊಂದು ಬಗೆಯಿದೆ, ಅದು ಇದಕ್ಕಿಂತಲೂ ರಮಣೀಯವಾದುದು. ‘ಮನ್ಯಾಗಿಂದ ಬಂದ’, ‘ಹೊಲದಾಗಿಂದ ಬಂದ’ ಎಂದು ನಮ್ಮವರು ಆಡುವಾಗ ಒಂದು ನಾಮಕ್ಕೆ ಎರಡು ವಿಭಕ್ತಿಗಳು ಸಾಲಾಗಿ ಹತ್ತುತ್ತವೆ: ಹೊಲ, ಅದರ ಒಳಗು, ಆ ಒಳಗಿನಿಂದ. ಶಿಷ್ಟವೆಂದು ತಿಳಿದಿರುವ ಬರಹದಲ್ಲಿ ಹೊಲದಿಂದ ಎಂದು ಮಾತ್ರವೆ ಬರೆಯುತ್ತೇವೆ. ಮಕ್ಕಳು ಹೊಲದಾಗಿಂದ ಎಂದು ಬರೆದರೆ ಕೆಂಪು ಶಾಯಿಯ ಗೀಟು ಬೀಳುತ್ತದೆ. ಆದರೆ ಇಂಗ್ಲಿಷಿನವನು ಮಂಚದ ಕೆಳಗಿನಿಂದ ಎಂಬುದನ್ನು ಫ್ರಂ ಅಂಡರ್ ದ ಕಾಟ್ ಎಂದೂ, ಗೋಡೆಯ ಹಿಂದಿನಿಂದ ಎಂಬುದನ್ನು ಫ್ರಂ ಬಿಹೈಂಡ್ ದ ವಾಲ್ ಎಂದೂ ಹೇಳುವಾಗ ಇದನ್ನೆ ಮಾಡುತ್ತಾನೆ. ನಮ್ಮದು ಮಂಚ, ಕೆಳಗು, ಇಂದ. ಅವನದು ಇಂದ, ಕೆಳಗು, ಮಂಚ. ಕನ್ನಡಿಯೊಳಗೆ ಬಲಗೈ ಎಡಗೈಯಾಗಿ ಕಾಣುವಂತೆ, ನಮ್ಮ ನುಡಿಯ ಕಡೆಯ ಪ್ರತ್ಯಯವು ಅವರ ನುಡಿಯಲ್ಲಿ ಮೊದಲಿಗೆ ಬಂದು ನಿಂತಿದೆ. ಈ ಪ್ರತಿಬಿಂಬವನ್ನು ಕರಿಹಲಗೆಯ ಮೇಲೆ ಒಮ್ಮೆ ಬರೆದು ತೋರಿಸಿದರೆ ಅದನ್ನು ತಿಳಿಯದ ಹುಡುಗನು ಇರಲಾರನು.

ಹಳಗನ್ನಡವನ್ನು ಬಲ್ಲವರು ಇಲ್ಲಿ ಇನ್ನೊಂದು ಹೆಜ್ಜೆ ಇಳಿದು ನೋಡಬಹುದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪಂಚಮೀವಿಭಕ್ತಿಗೆ ಹೇಳಿದ ಪ್ರತ್ಯಯವು ಅತ್ತಣಿಂ; ಮರದತ್ತಣಿಂ ಎಂದರೆ ಮರದ ಅತ್ತಲಿನಿಂದ. ಅತ್ತ ಎಂಬ ದಿಗ್ವಾಚಕ ಅವ್ಯಯಕ್ಕೆ ತೃತೀಯೆಯ ಇಂ ಎಂಬುದು ಕೂಡಿ ಐದನೆಯ ವಿಭಕ್ತಿಯಾಯಿತು. ಸಪ್ತಮಿಯ ಪ್ರತ್ಯಯವಾದ ಒಳ್ ಎಂಬುದಾದರೋ ಒಳಗು ಎಂಬ ಅರ್ಥವುಳ್ಳ ಶಬ್ದವೆ. ನಮ್ಮ ಸೀಮೆಯ ಆಗ ಎಂಬುದು ಅದೇ ಒಳಗೆ ಎಂಬುದರ ಸವೆದ ರೂಪ. ಆದುದರಿಂದ ದಿಕ್ಕಿನ ನುಡಿಯೂ ಸಂಬಂಧದ ನುಡಿಯೂ ಒಂದಕ್ಕೊಂದು ಹೆಣೆದುಕೊಂಡು ಒಂದೇ ಪ್ರತ್ಯಯವಾಗಿ ಗಟ್ಟಿಗೊಳ್ಳುವುದು ಕನ್ನಡಕ್ಕೆ ಪರಕೀಯವಾದ ವ್ಯಾಪಾರವಲ್ಲ. ಇಂಗ್ಲಿಷಿನ ಔಟ್ ಆಫ್ ಎಂಬುದು ಈಗ ನಡೆಯುತ್ತಿರುವ ದಾರಿಯನ್ನು ನಮ್ಮ ಅತ್ತಣಿಂ ಸಾವಿರ ವರ್ಷಗಳ ಹಿಂದೆಯೆ ನಡೆದು ಮುಗಿಸಿದೆ.

ಕ್ರಿಯಾಪದದ ಮಗ್ಗುಲಲ್ಲಿಯೂ ಹೀಗೆಯೆ. ನಾವು ದಿನವೂ ಆಡುವ ಹೊರಡು ಎಂಬ ಶಬ್ದವು ಹಳಗನ್ನಡದಲ್ಲಿ ಪೊರಮಡು ಎಂದಿತ್ತು. ಅದರ ಒಡಲಲ್ಲಿ ಪೊರ ಎಂಬ ಹೊರಗು ಅಡಗಿದೆ. ಇಂಗ್ಲಿಷಿನ ಸೆಟ್ ಔಟ್ ಎಂಬುದರೊಳಗಿನ ಔಟ್ ಅದೆ. ಹಿಂದಿರುಗು ಎಂಬುದು ಟರ್ನ್ ಬ್ಯಾಕ್. ಮುಂದೂಡು ಎಂಬುದು ಪುಟ್ ಆಫ್. ಹಳೆಯ ಯುದ್ಧವರ್ಣನೆಗಳಲ್ಲಿ ಬರುವ ಮೇಲ್ವಾಯ್ ಎಂಬುದು ಫಾಲ್ ಅಪಾನ್. ಕ್ರಿಯೆ ಮುಗಿದುದನ್ನು, ಕೈಮೀರಿದುದನ್ನು ತೋರಿಸಲು ಇಂಗ್ಲಿಷು ಅಪ್, ಆಫ್, ಅವೇ, ಔಟ್ ಎಂಬವುಗಳನ್ನು ಬಳಸುವ ಎಡೆಯಲ್ಲಿ ಕನ್ನಡವು ಬಿಡು, ಹಾಕು, ಹೋಗು ಎಂಬ ಸಹಾಯಕ ಕ್ರಿಯೆಗಳನ್ನು ಬಳಸುತ್ತದೆ. ಈಟ್ ಅಪ್ ಎಂದರೆ ತಿಂದುಬಿಡು. ಆದುದರಿಂದ ಅಪ್ ಎಂದ ಮಾತ್ರಕ್ಕೆ ಮೇಲೆ ಎಂಬ ಅರ್ಥವನ್ನು ಹುಡುಕುತ್ತ ಆಕಾಶವನ್ನು ನೋಡಬೇಕಾಗಿಲ್ಲ. ಮನೆಯಲ್ಲಿ ಜೋಳ ತೀರಿಹೋಯಿತು ಎಂಬುದಕ್ಕೆ ವಿ ಹ್ಯಾವ್ ರನ್ ಔಟ್ ಆಫ್ ಜೋಳ ಎನ್ನುತ್ತಾರೆ. ತೀರಿಹೋಗು ಎಂಬಲ್ಲಿಯ ಹೋಗು ಎಂಬುದರ ಭಾರವನ್ನು ಅಲ್ಲಿ ಔಟ್ ಹೊತ್ತಿದೆ, ಆಫ್ ಎಂಬುದು ಜೋಳವನ್ನು ವಾಕ್ಯಕ್ಕೆ ಕಟ್ಟುವ ಹಗ್ಗವಷ್ಟೆ.

ಮೂರೂ ಕೂಡಿದ ರೂಪವು, ಎಂದರೆ ಕ್ರಿಯೆ, ಅವ್ಯಯ, ವಿಭಕ್ತಿಸ್ಥಾನೀಯ ಎಂಬ ಮೂರು ಅಂಗಗಳುಳ್ಳುದು, ಕಲಿಯುವವರಿಗೆ ಅತ್ಯಂತ ಭಯಂಕರವಾಗಿ ತೋರುತ್ತದೆ. ಅದಕ್ಕೂ ನಮ್ಮಲ್ಲಿ ಜೋಡಿಯಿದೆ. ವ್ಯವಹಾರದಿಂದ ಹಿಂದೆ ಸರಿದನು ಎಂಬಲ್ಲಿ ಇಂದ ಎಂಬ ವಿಭಕ್ತಿ, ಹಿಂದೆ ಎಂಬ ಅವ್ಯಯ, ಸರಿ ಎಂಬ ಕ್ರಿಯೆ. ಹಿ ಬ್ಯಾಕ್ಡ್ ಔಟ್ ಆಫ್ ದ ಡೀಲ್ ಎಂಬಲ್ಲಿ ಕ್ರಿಯೆ, ಅವ್ಯಯ, ಆಫ್. ಕಷ್ಟಕ್ಕೆ ಒಳಗಾದನು, ದೊಡ್ಡವರಿಗೆ ಎದುರು ನಿಂತನು ಎಂಬವೂ ಇಂಥವೆ. ಎದುರು ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಸ್ಟ್ಯಾಂಡ್ ಅಪ್ ಟು. ಒಳಗಾಗು ಎಂಬುದಕ್ಕೆ ಏಕೆ ಚತುರ್ಥಿಯೆ ಬರಬೇಕು, ಹಿಂದೆ ಸರಿ ಎಂಬುದಕ್ಕೆ ಏಕೆ ಪಂಚಮಿಯೆ ಬರಬೇಕು ಎಂದು ನಾವು ಯಾರೂ ಕೇಳುವುದಿಲ್ಲ. ಅವ್ಯಯ-ಕ್ರಿಯೆಗಳು ಕೂಡಿ ಒಂದು ಹೊಸ ಕ್ರಿಯೆಯಾದ ಮೇಲೆ ಆ ಹೊಸ ಕ್ರಿಯೆಯು ತನಗೆ ಬೇಕಾದ ವಿಭಕ್ತಿಯನ್ನು ತಾನೇ ಬೇಡುತ್ತದೆ. ಪುಟ್ ಅಪ್ ಎಂಬ ಸಂಯುಕ್ತವು ವಿತ್ ಎಂಬುದನ್ನು ಬೇಡುವುದೂ, ಲುಕ್ ಡೌನ್ ಎಂಬುದು ಆನ್ ಎಂಬುದನ್ನು ಬೇಡುವುದೂ ಈ ನ್ಯಾಯದಿಂದಲೆ. ಹಾಗಾದರೆ ಪುಟ್ ಅಪ್ ವಿತ್ ಎಂಬುದನ್ನು ಮೂರು ಬಿಡಿಗಳಾಗಿ ಒಡೆದು ಅರ್ಥ ಹುಡುಕಬಾರದು. ಪುಟ್ ಅಪ್ ಒಂದು, ವಿತ್ ಒಂದು, ಎಂದು ಎರಡಾಗಿ ಒಡೆಯಬೇಕು. ಸರಿಯಾದ ಕೀಲಿನಲ್ಲಿ ಬಿಡಿಸದೆ ಹೋದರೆ ಯಾವ ಯಂತ್ರವೂ ಮುರಿಯುತ್ತದೆ.

ನಮ್ಮವರ ತಪ್ಪುಗಳೆಂದು ಹಾಸ್ಯಕ್ಕೆ ಗುರಿಯಾಗುವ ಪ್ರಯೋಗಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವುಗಳಲ್ಲಿ ಅಜ್ಞಾನಕ್ಕಿಂತ ತರ್ಕವೆ ಹೆಚ್ಚಾಗಿ ಕಾಣುತ್ತದೆ. ನನ್ನ ಮೇಲೆ ಸಿಟ್ಟು ಎಂಬುದರಿಂದ ಆಂಗ್ರಿ ಆನ್ ಮಿ ಹುಟ್ಟಿತು. ಅವರಲ್ಲಿ ಅದು ವಿತ್. ಗದಗ ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿ ಎಂಬುದು ಗೆಟ್ ಡೌನ್ ಫ್ರಂ ದ ಟ್ರೇನ್ ಆಯಿತು; ಅವರು ರೈಲಿನಲ್ಲಿರುವುದನ್ನು ಆನ್ ಎಂದು ಎಣಿಸುವುದರಿಂದ ಗೆಟ್ ಆಫ್ ಎನ್ನುತ್ತಾರೆ, ಕಾರಿನಲ್ಲಿರುವುದನ್ನು ಇನ್ ಎಂದು ಎಣಿಸುವುದರಿಂದ ಗೆಟ್ ಔಟ್ ಆಫ್ ಎನ್ನುತ್ತಾರೆ. ಕೀಪ್ ಅಪ್ ವಿತ್, ಕ್ಯಾಚ್ ಅಪ್ ವಿತ್ ಎಂಬವುಗಳ ಸಾದೃಶ್ಯದಿಂದ ಕೋಪ್ ಎಂಬುದಕ್ಕೂ ಅಪ್ ಸೇರಿಸಿ ಕೋಪ್ ಅಪ್ ವಿತ್ ಎನ್ನುತ್ತೇವೆ. ಅಲ್ಲಿ ಅವ್ಯಯಕ್ಕೆ ಎಡೆಯಿಲ್ಲ, ಕೋಪ್ ವಿತ್ ಎಂದರೆ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದು ಪತ್ರಗಳ ಕೊನೆಯ ಸಾಲು. ಐ ಲುಕ್ ಫಾರ್ವರ್ಡ್ ಟು ಮೀಟ್ ಯು ಎಂದು ನಮ್ಮಲ್ಲಿ ಅಸಂಖ್ಯಾತರು ಬರೆಯುತ್ತಾರೆ. ಇಲ್ಲಿ ಫಾರ್ವರ್ಡ್ ಅವ್ಯಯ, ಟು ವಿಭಕ್ತಿಸ್ಥಾನೀಯ. ವಿಭಕ್ತಿಯು ಹತ್ತಬೇಕಾದರೆ ಅಲ್ಲಿ ನಾಮವಿರಬೇಕು. ಭೇಟಿಯಾಗು ಎಂಬ ಧಾತುವಿಗೆ ಕನ್ನಡದಲ್ಲಿಯೂ ವಿಭಕ್ತಿ ಹತ್ತದು, ಭೇಟಿಯಾಗುವುದು ಎಂದು ನಾಮವಾದ ಮೇಲೆಯೆ ಭೇಟಿಯಾಗುವುದನ್ನು ಎಂದಾಗುತ್ತದೆ. ಅದೇ ರೀತಿ ಅಲ್ಲಿಯೂ ಮೀಟಿಂಗ್ ಯು ಎಂದಾಗಬೇಕು. ಒಂದು ವಿಭಕ್ತಿಯ ಮಾತಿನಿಂದ ತಿಳಿಯಬಹುದಾದುದನ್ನು ನಾವು ಹತ್ತು ನಿಯಮಗಳಿಂದ ಕಲಿಸುತ್ತಿದ್ದೇವೆ.

ಎಲ್ಲ ಪ್ರಯೋಗಗಳೂ ಈ ಸೂತ್ರಕ್ಕೆ ಮಣಿಯುತ್ತವೆಂದು ನಾನು ಹೇಳಲಾರೆನು. ಕೊಟ್ಟ ಮಾತಿನಿಂದ ಹಿಂದೆ ಸರಿಯುವುದಕ್ಕೆ ಇಂಗ್ಲಿಷಿನಲ್ಲಿ ಗೋ ಬ್ಯಾಕ್ ಆನ್ ಎನ್ನುತ್ತಾರೆ. ನಮ್ಮ ಇಂದ ಎಂಬುದಕ್ಕೆ ಅಲ್ಲಿ ಆನ್ ಎಂಬುದು ಏಕೆ ಬಂದಿತೋ ರೂಢಿಯೊಂದೆ ಉತ್ತರ. 1930ರಲ್ಲಿ ಸಿ. ಕೆ. ಆಗ್ಡೆನ್ ಎಂಬ ವಿದ್ವಾಂಸನು ಲೋಕದ ಜನರಿಗೆಲ್ಲ ಸುಲಭವಾಗಲೆಂದು 850 ಶಬ್ದಗಳ ಬೇಸಿಕ್ ಇಂಗ್ಲಿಷನ್ನು ರೂಪಿಸಿ, ಕ್ರಿಯಾಪದಗಳನ್ನು ಹದಿನೆಂಟಕ್ಕೆ ಇಳಿಸಿದನು. ಉಳಿದೆಲ್ಲ ಕ್ರಿಯೆಗಳ ಕೆಲಸವನ್ನು ಪುಟ್, ಗೆಟ್, ಗೋ, ಟೇಕ್ ಎಂಬವುಗಳಿಗೆ ದಿಕ್ಕಿನ ನುಡಿಗಳನ್ನು ಕೂಡಿಸಿ ಸಾಧಿಸಬೇಕೆಂದನು. ಶಬ್ದಗಳ ಎಣಿಕೆ ತಗ್ಗಿತು, ಜೋಡಿಗಳ ಎಣಿಕೆ ತಗ್ಗಲಿಲ್ಲ. ಪರಭಾಷಿಕನಿಗೆ ಭಾರವಾಗಿದ್ದುದು ಜೋಡಿಗಳೆ ಆದುದರಿಂದ ಆ ಯೋಜನೆಯ ಸೌಲಭ್ಯವು ಇಂಗ್ಲಿಷ್ ಬಲ್ಲವನ ಕಣ್ಣಿಗೆ ಕಂಡಷ್ಟು ಕಲಿಯುವವನ ಅನುಭವಕ್ಕೆ ಬರುವಂತಿರಲಿಲ್ಲ. ವಾಕ್ಯದ ಕೊನೆಯಲ್ಲಿ ಪ್ರೆಪೊಸಿಷನ್ ನಿಲ್ಲಬಾರದೆಂದು 1672ರಲ್ಲಿ ಡ್ರೈಡನ್ ಕವಿಯು ಎತ್ತಿದ ಆಕ್ಷೇಪವೂ ಇಂಥದೆ. ಲ್ಯಾಟಿನ್ನಿನ ಅಳತೆಗೋಲಿನಿಂದ ತಾಯ್ನುಡಿಯನ್ನು ಅಳೆದ ಆ ನಿಯಮವನ್ನು ಶಾಲೆಗಳು ಶತಮಾನಗಳ ಕಾಲ ಬೋಧಿಸಿದವು, ಜನರು ಮಾತ್ರ ವಾಟ್ ಆರ್ ಯು ಲುಕಿಂಗ್ ಅಟ್ ಎಂದೇ ಆಡುತ್ತ ಬಂದರು.

ಪರರ ಅಳತೆಗೋಲಿನ ಈ ಮಾತು ನಮ್ಮನ್ನೂ ತಟ್ಟಬೇಕಾದುದು. ಬೇಸೆಲ್ ಮಿಷನ್ನಿನವರು 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಅದೇ ಮಿಷನ್ನಿನ ಕಿಟ್ಟೆಲ್ ಪಂಡಿತನು 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ಮಹಾಕೋಶವನ್ನು ಪ್ರಕಟಿಸಿ, 1903ರಲ್ಲಿ ಕನ್ನಡ ವ್ಯಾಕರಣವನ್ನೂ ಇಂಗ್ಲಿಷಿನಲ್ಲಿ ಬರೆದನು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ಜೊತೆಗೆ ಜನರು ಆಡುವ ಮಾತಿಗೂ ಆತನು ಕಿವಿಗೊಟ್ಟನು. ಜರ್ಮನಿಯಲ್ಲಿ ಹುಟ್ಟಿದವನೊಬ್ಬನು ಕನ್ನಡವನ್ನು ಕಲಿಯಲು ಮನೆಮಾತಿನ ಬಾಗಿಲನ್ನು ತಟ್ಟಿದನು. ನಾವು ಇಂಗ್ಲಿಷನ್ನು ಕಲಿಯುವಾಗ ನಮ್ಮ ಮನೆಮಾತಿನ ಬಾಗಿಲನ್ನೆ ಮುಚ್ಚಿಕೊಂಡು ಹೊರಡುತ್ತೇವೆ. ಮಕ್ಕಳಿಗೆ ಇಂಗ್ಲಿಷ್ ಬರಬೇಕಾದರೆ ತರಗತಿಯಲ್ಲಿ ಕನ್ನಡ ಕೇಳಿಸಬಾರದು, ಅದರಲ್ಲಿಯೂ ‘ಹೊಲದಾಗ’ ಎಂಬ ಹಳ್ಳಿಯ ಕನ್ನಡವಂತೂ ಕೇಳಿಸಲೇಬಾರದು ಎಂಬ ನಂಬಿಕೆ ಬೇರೂರಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಎಡೆಗಳಲ್ಲಿ ಪುಲಿಗೆರೆಯೂ ಒಂದು. ಅದು ಇಂದಿನ ಲಕ್ಷ್ಮೇಶ್ವರ. ಆ ನೆಲದ ಮಗುವಿನ ನಾಲಗೆಯ ಮೇಲಿನ ವ್ಯಾಕರಣವನ್ನು ಅಶುದ್ಧವೆಂದು ಅಳಿಸಿ, ಬರಿದಾದ ಹಲಗೆಯ ಮೇಲೆ ಪರಭಾಷೆಯನ್ನು ಬರೆಯಹೊರಡುವುದು ಅನ್ಯಾಯವೆಂದೆ ನಾನು ಭಾವಿಸುತ್ತೇನೆ.

ಅಂತೂರ-ಬೆಂತೂರದಲ್ಲಿಯೆ ಆಗಲಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಯಾವ ಹಳ್ಳಿಯಲ್ಲಿಯೆ ಆಗಲಿ, ಇಂಗ್ಲಿಷನ್ನು ಕಲಿಸುವ ಶಿಕ್ಷಕರಲ್ಲಿ ನನ್ನದೊಂದು ವಿಜ್ಞಾಪನೆ. ನಾಳೆ ತರಗತಿಗೆ ಹೋದಾಗ, ನಿಮ್ಮ ಅಪ್ಪ ಎಲ್ಲಿದ್ದಾನೆ ಎಂದು ಮಕ್ಕಳನ್ನು ಕೇಳಿರಿ. ‘ಹೊರಗ ಹೊಲದಾಗ ಅದಾನ್ರಿ’ ಎಂದು ಯಾವುದಾದರೂ ಮಗು ಹೇಳಿದರೆ ಅದನ್ನು ತಿದ್ದದೆ, ಅದು ಆಡಿದಂತೆಯೆ ಹಲಗೆಯ ಮೇಲೆ ಬರೆಯಿರಿ. ಹೊರಗ ಎಂಬುದರ ಕೆಳಗೆ ಔಟ್ ಎಂದೂ, ಹೊಲದಾಗ ಎಂಬುದರ ಕೆಳಗೆ ಇನ್ ದ ಫೀಲ್ಡ್ ಎಂದೂ ಬರೆದು ಮಗುವಿನ ಮುಖವನ್ನು ನೋಡಿರಿ.